ಟೋಕಿಯೋದಲ್ಲಿ ಕತ್ತಿವರಸೆ ಕಲಿಯಬೇಕು ಅನ್ನುವ ಚೇತನ್‌ಗೆ

ಚೇತನ್, ನಿನ್ನ ಪ್ರಶ್ನೆ ಇಷ್ಟು, ಅಲ್ವಾ? ಏಪ್ರಿಲ್‌ನಲ್ಲಿ ದಾವಣಗೆರೆಯಿಂದ ಬಂದು ನಿಶಿ-ಕಸಾಯ್‌ನಲ್ಲಿ ಮನೆ ಮಾಡಿದ್ದೀಯ. ಹಳೇ ಕಾಲದ ಜಪಾನಿ ಕತ್ತಿವರಸೆ ಕಲಿಯುವ ಆಸೆ. ಹತ್ತಿರದಲ್ಲಿ ಒಳ್ಳೆಯ ಶಾಲೆ ಹುಡುಕುವುದು ಹೇಗೆ, ಭಾಷೆ ಬರದವರನ್ನು ಸೇರಿಸಿಕೊಳ್ಳುತ್ತಾರಾ, ಊರಿಗೆ ಹೋದಾಗ ಅಜ್ಜನ ಕತ್ತಿ ತಂದುಬಿಡಲಾ ಅಂತ ಕೇಳಿದ್ದೀಯ. ಅಕ್ಕ ಅಂತ ಕರೆದಿದ್ದೀಯಲ್ಲ, ಅದಕ್ಕೇ ಏಕವಚನದಲ್ಲೇ ಬರೆಯುತ್ತಿದ್ದೇನೆ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಅಜ್ಜನ ಕತ್ತಿ ಆಯುಧಪೂಜೆಗೆ ಮನೆಯಲ್ಲೇ ಇರಲಿ, ದಯವಿಟ್ಟು ತರಬೇಡ. ಬಂದೂಕು ಮತ್ತು ಕತ್ತಿಗಳ ಮೇಲೆ ಇಲ್ಲಿ 1958ರ ಕಟ್ಟುನಿಟ್ಟಿನ ಕಾಯ್ದೆ ಇದೆ. ಅಲಗು 15 ಸೆಂಟಿಮೀಟರ್ ದಾಟಿದ ಕತ್ತಿಯನ್ನು ಸುಮ್ನೆ ಇಟ್ಟುಕೊಳ್ಳುವ ಹಾಗಿಲ್ಲ. ಕಲಾಕೃತಿ ಅನ್ನಿಸುವ ಜಪಾನಿ ಕತ್ತಿಗೆ ಮಾತ್ರ ನೋಂದಣಿ ಚೀಟಿ ಸಿಗುತ್ತದೆ. ಅದನ್ನು ಕೊಡುವುದು ಆಯಾ ಪ್ರಾಂತದ ಶಿಕ್ಷಣ ಮಂಡಳಿ. (ಪೊಲೀಸರಲ್ಲ! ಕತ್ತಿಯನ್ನು ಸಾಂಸ್ಕೃತಿಕ ಆಸ್ತಿ ಅಂತ ನೋಡುವುದರಿಂದ ಹೀಗೆ.) ಯೂರೋಪಿನ ಒಂದು ಸೇಬರ್ ಕತ್ತಿಗೆ ನೋಂದಣಿ ಬೇಕು ಅಂತ ಒಬ್ಬರು ಸುಪ್ರೀಂ ಕೋರ್ಟ್‌ವರೆಗೂ ಹೋಗಿದ್ದರು. 1990ರಲ್ಲಿ ಕೋರ್ಟ್ ಆಗಲ್ಲ ಅಂದಿತು. ಹಾಗಿರುವಾಗ ದಾವಣಗೆರೆಯ ಕತ್ತಿ ವಿಮಾನ ನಿಲ್ದಾಣದಲ್ಲೇ ಉಳಿಯುತ್ತದೆ, ಜೊತೆಗೆ ನೀನೂ ಸ್ವಲ್ಪ ಹೊತ್ತು ಉಳಿಯಬೇಕಾದೀತು.

ಈಗ ಶಾಲೆಯ ವಿಷಯ. ಸಮುರಾಯ್ ಆಡಳಿತ ಮುಗಿದು ಚಕ್ರವರ್ತಿಯ ಆಳ್ವಿಕೆ ಮರಳಿದ 1868ರ ಮೆಯ್ಜಿ ಬದಲಾವಣೆಗೆ ಮುಂಚೆ ಹುಟ್ಟಿದ ಪಂಥಗಳಿಗೆ ಇಲ್ಲಿ ಕೊರ್ಯೂ ಅನ್ನುತ್ತಾರೆ. ನೀನು ಟೀವಿಯಲ್ಲಿ ನೋಡಿರುವ, ಮುಖಕ್ಕೆ ಜಾಲರಿ ಹಾಕಿಕೊಂಡು ಬಿದಿರಿನ ಕೋಲಿನಲ್ಲಿ ಹೊಡೆದಾಡುವ ಆಟ ಕೆಂದೋ. ಅದು ಈಚಿನದು. ಕೊರ್ಯೂ ಕತ್ತಿವರಸೆಯಲ್ಲಿ ಸಾಮಾನ್ಯವಾಗಿ ಪಾಯಿಂಟು, ಪಂದ್ಯ ಇರುವುದಿಲ್ಲ. ಇಬ್ಬರು ಎದುರುಬದುರು ನಿಂತು, ಮರದ ಕತ್ತಿ ಹಿಡಿದು, ಮೊದಲೇ ಗೊತ್ತುಮಾಡಿದ ವರಸೆಗಳನ್ನು ಮತ್ತೆ ಮತ್ತೆ ಮಾಡುತ್ತಾರೆ. ಅದಕ್ಕೆ ಕಟಾ ಅಂತ ಹೆಸರು. ಸೋಲುವ ಪಾತ್ರ ಸಾಮಾನ್ಯವಾಗಿ ಹಿರಿಯರದು. ಅವರು ಹೊಡೆಯಲು ಬರುತ್ತಾರೆ, ಹೊಸಬ ಗೆಲ್ಲುತ್ತಾನೆ. ನಿನ್ನ ಕೈಯಲ್ಲಿ ಸರಿಯಾದ ಹೊಡೆತ ಹೊರಡಿಸುವುದು ಅವರ ಕೆಲಸ. ಓನೋ-ಹಾ ಇತ್ತೋ-ರ್ಯೂ ಪಂಥದಲ್ಲಿ ಹಿರಿಯರು ಕೈಗೆ ದಪ್ಪನೆಯ ದಿಂಬಿನಂಥ ಗವಸು ಹಾಕಿಕೊಂಡು ನಿಲ್ಲುತ್ತಾರೆ, ಹೊಸಬ ಹೆದರದೆ ಪೂರ್ತಿ ಬಲದಿಂದ ಹೊಡೆಯಲಿ ಅಂತ. ನನಗೆ ಈ ವ್ಯವಸ್ಥೆ ತುಂಬ ಇಷ್ಟ.

ಈ ಪಂಥಗಳಿಗೆ ಊರು, ಮನೆತನ ಅಂತ ಇರುತ್ತದೆ. ಕತೋರಿ ಶಿಂತೋ-ರ್ಯೂ 15ನೇ ಶತಮಾನದ್ದು, ಚಿಬಾ ಪ್ರಾಂತದ ಕತೋರಿ ದೇವಸ್ಥಾನದ ಸೀಮೆಯದು. ಚಿಬಾ ಸರ್ಕಾರ ಅದನ್ನು 1960ರಲ್ಲೇ ಸಾಂಸ್ಕೃತಿಕ ಆಸ್ತಿ ಅಂತ ಗುರುತಿಸಿದೆ. ಕಶಿಮಾದ ಪಂಥಗಳು ಇಬರಾಕಿ ಪ್ರಾಂತದಲ್ಲಿ, ಯಗ್ಯೂ ಶಿಂಕಗೆ-ರ್ಯೂದ ದೊಡ್ಡ ಕವಲು ನಗೋಯಾದಲ್ಲಿ, ಜಿಗೆನ್-ರ್ಯೂ ದಕ್ಷಿಣದ ತುದಿ ಕಗೊಶಿಮಾದಲ್ಲಿ. ನೀನಿರುವ ಜಾಗದಿಂದ ಕತೋರಿ ಎರಡು ಗಂಟೆಯ ದಾರಿ. ಒಂದು ಭಾನುವಾರ ಹೋಗಿ ನೋಡಿಕೊಂಡು ಬರಲು ಚೆನ್ನಾಗಿದೆ. ವಾರವಾರ ಹೋಗಿಬರುತ್ತೀಯಾ? ಆಫೀಸು ಮುಗಿಸಿ ಆಗದ ಮಾತು.

ಅದಕ್ಕೇ ನಾನು ಹೇಳುವುದು ಇಷ್ಟೇ. ಯಾವ ಪಂಥ ದೊಡ್ಡದು ಅಂತ ರಾತ್ರಿಯೆಲ್ಲ ವೀಡಿಯೊ ನೋಡುತ್ತಾ ಕೂರಬೇಡ. ಮನೆಯಿಂದ ಅರ್ಧ ಗಂಟೆಯೊಳಗೆ, ವಾರಕ್ಕೊಂದು ಸಲವಾದರೂ ತಪ್ಪದೆ ಹೋಗಲು ಆಗುವಂಥ ಗುರು ಯಾರಿದ್ದಾರೆ ನೋಡು. ಅವರು ಯಾವ ಪಂಥದವರೋ ಅದೇ ನಿನ್ನ ಪಂಥ.

ಟೋಕಿಯೋದಲ್ಲಿ ಹಾಗೆ ಹುಡುಕಿದರೆ ಬಹಳಷ್ಟು ಸಲ ಕಾಲು ಹೋಗಿ ನಿಲ್ಲುವುದು ಇಆಯ್‌ದೋ ಗುಂಪಿನ ಬಾಗಿಲಲ್ಲಿ. ಒರೆಯಿಂದ ಕತ್ತಿ ಎಳೆದು ಒಂಟಿಯಾಗಿ ಮಾಡುವ ವರಸೆ ಇದು. ಅಖಿಲ ಜಪಾನ್ ಕೆಂದೋ ಒಕ್ಕೂಟದ 12 ಕಟಾಗಳನ್ನು ಆ ಒಕ್ಕೂಟಕ್ಕೆ ಸೇರಿದ ಗುಂಪುಗಳೆಲ್ಲ ಕಲಿಸುತ್ತವೆ. ಜೊತೆಗೆ ಒಂದು ಹಳೆಯ ಪಂಥವನ್ನೂ ಹೇಳಿಕೊಡುತ್ತಾರೆ. ಟೋಕಿಯೋ ಕಡೆ ಅದು ಜಾಸ್ತಿ ಮುಸೋ ಶಿಂದೆನ್-ರ್ಯೂ. ನಾನು ಕಲಿಯುತ್ತಿರುವುದೂ ಅದನ್ನೇ. ಅದಕ್ಕೆ ಈಗಿನ ರೂಪ ಕೊಟ್ಟವರು 20ನೇ ಶತಮಾನದ ನಕಯಾಮಾ ಹಕುದೋ, ಆದರೆ ಬೇರು ಹಳೆಯದು. ಕಂಪನಿ ನಿನ್ನನ್ನು ಎರಡು ವರ್ಷದಲ್ಲಿ ಒಸಾಕಾಗೋ ಸಿಂಗಪುರಕ್ಕೋ ಕಳಿಸುವ ಸಾಧ್ಯತೆ ಇದ್ದರೆ ಇದೇ ಸರಿಯಾದ ದಾರಿ. ಒಕ್ಕೂಟದ ಗುಂಪು ಎಲ್ಲಿದ್ದರೂ ಆ 12 ಕಟಾ ಒಂದೇ. ಕತೋರಿಯಂಥ ಪಂಥಕ್ಕೆ ಸೇರುವವರು ಬೆರಳಿನ ರಕ್ತ ಒತ್ತಿ ಪ್ರಮಾಣ ಮಾಡಬೇಕು, ಈಗಲೂ. ಎರಡು ವರ್ಷಕ್ಕೆ ಗಂಟುಮೂಟೆ ಕಟ್ಟುವವನು ಆ ಕೆಲಸಕ್ಕೆ ಕೈಹಾಕದಿದ್ದರೇ ಒಳ್ಳೆಯದು.

ಹುಡುಕುವುದು ಹೇಗೆ? ಬೋರ್ಡು ಹಾಕಿಕೊಂಡ ಸ್ವಂತ ಕಟ್ಟಡದ ದೋಜೋ, ಅಂದರೆ ಅಭ್ಯಾಸದ ಮನೆ, ಕಮ್ಮಿ. ಎಷ್ಟೋ ಗುಂಪುಗಳು ವಾರ್ಡಿನ ಕ್ರೀಡಾ ಕೇಂದ್ರದಲ್ಲಿ ಬುದೋಜೋ ಅನ್ನುವ ಹಾಲನ್ನು ಸಂಜೆ ಎರಡು ಗಂಟೆ ಬಾಡಿಗೆಗೆ ತಗೊಳ್ಳುತ್ತವೆ. ನಿನ್ನ ವಾರ್ಡು ಎದೊಗಾವಾದ ಕ್ರೀಡಾ ಕೇಂದ್ರಕ್ಕೆ ಹೋಗಿ, ಕೌಂಟರಿನಲ್ಲಿ ವಾರದ ವೇಳಾಪಟ್ಟಿ ಕೇಳು. ವಾರ್ಡಿನ ಪತ್ರಿಕೆಯಲ್ಲೂ ಹೊಸಬರ ತರಗತಿಯ ಸುದ್ದಿ ಬರುತ್ತಿರುತ್ತದೆ. ಫೋನಿನಲ್ಲಿ ಹುಡುಕುವುದಾದರೆ ಇಆಯ್‌ದೋ, ಕೊಬುದೋ (ಹಳೇ ಯುದ್ಧಕಲೆಗಳು) ಅಂತ ಜಪಾನಿ ಲಿಪಿಯಲ್ಲೇ ಬರೆದು, ಪಕ್ಕದಲ್ಲಿ ವಾರ್ಡಿನ ಹೆಸರು ಸೇರಿಸು. ಇಂಗ್ಲಿಷಿನಲ್ಲಿ ಹುಡುಕಿದರೆ ಸಿಗುವುದೆಲ್ಲ ಪ್ರವಾಸಿಗರು ತುಂಬಿರುವ ಅಸಾಕುಸಾ ಕಡೆಯ ಸಮುರಾಯ್ ವೇಷದ ಅಂಗಡಿಗಳು. ಒಂದು ಗಂಟೆ, ಒಂದು ಫೋಟೋ, ಕೈಯಲ್ಲೊಂದು ಪ್ರಮಾಣಪತ್ರ. ಅಪ್ಪ ಅಮ್ಮ ಬಂದಾಗ ಕರೆದುಕೊಂಡು ಹೋಗು, ಮಜಾ ಇರುತ್ತದೆ.

ಗುಂಪು ಸಿಕ್ಕಿದ ಮೇಲೆ ನೇರವಾಗಿ ಸೇರಿಸಿಕೊಳ್ಳಿ ಅನ್ನಬೇಡ. ಮೊದಲು ಕೆಂಗಾಕು, ಅಂದರೆ ಸುಮ್ಮನೆ ಕೂತು ನೋಡುವುದು. ನಾಲ್ಕು ಸಾಲಿನ ಮೇಲ್ ಬರೆದು, ಯಾವ ದಿನ ಬಂದು ನೋಡಬಹುದು ಅಂತ ಕೇಳು. ಹೋದ ದಿನ ಮಧ್ಯದಲ್ಲಿ ಎದ್ದು ಬರಬೇಡ. ಗುರುಗಳು ಯಾರ ಹತ್ತಿರ ಕಲಿತರು ಅಂತ ಕೇಳಿದರೆ ಅವರಿಗೇನೂ ಬೇಜಾರಾಗುವುದಿಲ್ಲ. ಅಸಲಿ ಪಂಥದವರು ತಮ್ಮ ಗುರು, ಗುರುವಿನ ಗುರು ಅಂತ ಸಲೀಸಾಗಿ ಹೇಳುತ್ತಾರೆ. ಅದನ್ನು ಹೇಳದೆ, ವರ್ಷದ ಫೀಸು ಒಟ್ಟಿಗೇ ಕಟ್ಟು, ಆರು ತಿಂಗಳಲ್ಲಿ ಬೋಧಕ ಆಗಬಹುದು ಅಂದರೆ ನಮಸ್ಕಾರ ಹೇಳಿ ಬಾ.

ತಿಂಗಳ ಫೀಸು ಇಂಥ ಗುಂಪುಗಳಲ್ಲಿ ಕೆಲವು ಸಾವಿರ ಯೆನ್, ಅಷ್ಟೇ. ಖರ್ಚು ಬರುವುದು ಸಾಮಾನಿಗೆ. ಮೊದಲ ದಿನಗಳಿಗೆ ಬೊಕುತೋ, ಅಂದರೆ ಮರದ ಕತ್ತಿ ಸಾಕು. ಬಹುಪಾಲು ಮಿಯಾಜಾಕಿ ಪ್ರಾಂತದ ಮಿಯಾಕೊನೊಜೋದಲ್ಲಿ ತಯಾರಾಗುತ್ತವೆ, ಬೆಲೆಯೂ ಜಾಸ್ತಿ ಇಲ್ಲ. ಆಮೇಲೆ ಇಆಯ್‌ತೋ ಬೇಕು. ಸತು ಮತ್ತು ಅಲ್ಯೂಮಿನಿಯಂ ಬೆರೆತ, ಹರಿತವಿಲ್ಲದ ಅಭ್ಯಾಸದ ಕತ್ತಿ ಇದು. ಆಯಸ್ಕಾಂತ ಅಂಟುವುದಿಲ್ಲ, ನೋಂದಣಿಯೂ ಬೇಡ. ಐವತ್ತು ಸಾವಿರ ಯೆನ್ ಮೇಲೇ ಆಗುತ್ತದೆ. ಉದ್ದ ನಿನ್ನ ಎತ್ತರಕ್ಕೆ ಹೊಂದಬೇಕು, ಆದ್ದರಿಂದ ಗುರುಗಳನ್ನು ಕೇಳದೆ ಕೊಳ್ಳಬೇಡ. ಎಷ್ಟೋ ಕಡೆ ಗುಂಪಿನಲ್ಲೇ ಒಂದು ಹಳೆಯದು ಇರುತ್ತದೆ, ಕೊಡುತ್ತಾರೆ. ರೈಲಿನಲ್ಲಿ ಒಯ್ಯುವಾಗ ಚೀಲದ ಬಾಯಿ ಕಟ್ಟಿರಲಿ.

ಒಳಗೆ ಏನು ನಡೆಯುತ್ತದೆ ಹೇಳುತ್ತೇನೆ ಕೇಳು. ಮೈಸೂರಿನ ಗರಡಿ ಮನೆ ನೋಡಿದವರಿಗೆ ಅರ್ಧ ಗೊತ್ತಿರುವ ಸಂಗತಿಯೇ: ಚಪ್ಪಲಿ ಹೊರಗೆ, ಒಳಗೆ ಕಾಲಿಡುವ ಮುಂಚೆ ನಮಸ್ಕಾರ, ಕೆಳಗಿಟ್ಟ ಕತ್ತಿಯನ್ನು ದಾಟುವಂತಿಲ್ಲ. ನೆಲ ಒರೆಸುವುದೂ ಕಲಿಯುವವರೇ. ಮುಸೋ ಶಿಂದೆನ್-ರ್ಯೂದ ಮೊದಲ ಕಟಾ ಶೋಹತ್ತೋ. ಮಂಡಿ ಮಡಚಿ ಕೂತಲ್ಲಿಂದಲೇ ಎದ್ದು ಅಡ್ಡಕ್ಕೆ ಒಂದು ಹೊಡೆತ, ತಲೆಯ ಮೇಲಿಂದ ಕೆಳಕ್ಕೆ ಇನ್ನೊಂದು. ನೋಡುವವರ ಕಣ್ಣೆಲ್ಲ ಬಲಗೈ ಮೇಲೆ. ಗುರುಗಳ ಕಣ್ಣು ನಿನ್ನ ಎಡಗೈ ಮೇಲೆ. ಕತ್ತಿ ಹೊರಬರುವಾಗ ಎಡಗೈ ಒರೆಯನ್ನು ಹಿಂದಕ್ಕೆ ಎಳೆಯದಿದ್ದರೆ ತುದಿ ಸಿಕ್ಕಿಹಾಕಿಕೊಳ್ಳುತ್ತದೆ. ವಾಪಸ್ ಹಾಕುವಾಗ ಒರೆಯ ಬಾಯಿಯನ್ನು ಎಡಗೈ ಬೆರಳುಗಳಿಂದ ಸುತ್ತಿ ಹಿಡಿದು, ಅಲಗಿನ ಬೆನ್ನನ್ನು ಅದರ ಮೇಲೆ ತುದಿಯವರೆಗೂ ಜಾರಿಸಿ ತೂತು ಹುಡುಕಬೇಕು. ಕೆಳಗೆ ನೋಡುವಂತಿಲ್ಲ. ತಿಂಗಳುಗಟ್ಟಲೆ ಇದೊಂದೇ ನಡೆಯುತ್ತದೆ. ಇನ್ನು ಮಂಡಿ. ನಾವು ಚಕ್ಕಂಬಕ್ಕಲ ಹಾಕಿ ಗಂಟೆಗಟ್ಟಲೆ ಕೂರುವವರು, ಆದರೆ ಹಿಮ್ಮಡಿ ಮೇಲೆ ಕೂರುವ ಸೆಯ್‌ಜಾ ಬೇರೆಯೇ ನೋವು ಕೊಡುತ್ತದೆ. ಹಕಾಮಾ (ಅಗಲ ನೆರಿಗೆಯ ಉಡುಪು) ಒಳಗೆ ಮಂಡಿಗೆ ಪ್ಯಾಡ್ ಹಾಕಿಕೋ, ಯಾರಿಗೂ ಕಾಣಿಸುವುದಿಲ್ಲ.

ಭಾಷೆಗೆ ಹೆದರಬೇಡ. ಅಲ್ಲಿ ಮಾತು ಕಮ್ಮಿ, ಬಳಸುವ ಪದಗಳು ಅವೇ ಅವೇ. ಸಂಜೆ ಮುಗಿದ ಮೇಲೆ ಕೆಲವೊಮ್ಮೆ ಎಲ್ಲರೂ ಊಟಕ್ಕೆ, ಕುಡಿಯುವುದಕ್ಕೆ ಹೋಗುತ್ತಾರೆ. ಸಸ್ಯಾಹಾರಿ ಆಗಿದ್ದರೆ ಮೊದಲೇ ಹೇಳಿಬಿಡು, ಮೀನಿನ ಸಾರೂ ಆಗಲ್ಲ ಅನ್ನುವುದನ್ನು ಸೇರಿಸಿ ಹೇಳು. ಕುಡಿಯದಿದ್ದರೂ ಪರವಾಗಿಲ್ಲ, ಊಲೊಂಗ್ ಟೀ ಹಿಡಿದು ಕೂತರಾಯಿತು. ಆ ಮೇಜಿನ ಸುತ್ತಲೇ ನನಗೆ ಇಲ್ಲಿ ಆಫೀಸಿನ ಹೊರಗಿನ ಸ್ನೇಹಿತರು ಸಿಕ್ಕಿದ್ದು.

ಸೇರುವ ಮುಂಚೆ ನಾಲ್ಕಾರು ಪಂಥ ಕಣ್ಣಾರೆ ನೋಡಬೇಕು ಅಂದರೆ ದಾರಿ ಇದೆ. ಸಾಮಾನ್ಯವಾಗಿ ಫೆಬ್ರವರಿಯಲ್ಲಿ ನಿಪ್ಪೋನ್ ಬುದೋಕಾನ್ ಅನ್ನುವ ದೊಡ್ಡ ಸಭಾಂಗಣದಲ್ಲಿ ಕೊಬುದೋ ಪ್ರದರ್ಶನ ಇರುತ್ತದೆ. ನಿಶಿ-ಕಸಾಯ್‌ನಿಂದ ತೋಜಾಯ್ ಲೈನ್ ಹತ್ತಿದರೆ ಬದಲಿಸದೆ ಕುದಾನ್‌ಶಿತಾದಲ್ಲಿ ಇಳಿಯಬಹುದು. ಇನ್ನೊಂದು ನವೆಂಬರ್ 3ರ ಸಂಸ್ಕೃತಿ ದಿನದಂದು ಮೆಯ್ಜಿ ದೇವಸ್ಥಾನದ ಆವರಣದಲ್ಲಿ, ಬಯಲಿನಲ್ಲಿ. ಕತ್ತಿಯವರಷ್ಟೇ ಅಲ್ಲ, ಈಟಿಯವರು, ಹಳೇ ಬತ್ತಿ ಬಂದೂಕಿನವರೂ ಬರುತ್ತಾರೆ. ನಾನೂ ಹೋಗುತ್ತೇನೆ. ಬರುವುದಾದರೆ ಮೆಸೇಜ್ ಹಾಕು, ಬೇಗ ಹೊರಡು. ತಡವಾದರೆ ನಿನ್ನ ಮುಂದೆ ನಾಲ್ಕು ಸಾಲು ಜನ ನಿಂತಿರುತ್ತಾರೆ, ಬರೀ ಸದ್ದು ಕೇಳಿಸಿಕೊಂಡು ವಾಪಸ್ ಬರಬೇಕಾಗುತ್ತದೆ.