ಓದುಗರ ಪ್ರಶ್ನೆ: ತಣ್ಣಗಾಗುತ್ತಲೇ ಕರಗುವ ನವಸಾಗರ, ಗೀಸರಿನೊಳಗಿನ ಬಿಳಿ ಪದರ

ಪ್ರಶ್ನೆ: ಅಮೋನಿಯಂ ಕ್ಲೋರೈಡ್ ಕರಗುವಾಗ ನೀರು ತಣ್ಣಗಾಗುತ್ತದೆ. ಶಾಖ ಬೇಡುವ ಕ್ರಿಯೆ ಯಾರೂ ಬಿಸಿ ಮಾಡದೆ ತಾನಾಗಿ ಹೇಗೆ ನಡೆಯುತ್ತದೆ? ಎಂಟ್ರೊಪಿ ಅಂದರೆ ಅಸ್ತವ್ಯಸ್ತತೆ ಎಂದು ಬರೆದರೆ ಸಾಕೇ?
- ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಮಲ್ಲೇಶ್ವರ

ಉತ್ತರ: ಸಾಲದು. ಕಣಗಳೂ ಶಕ್ತಿಯೂ ಎಷ್ಟು ಬಗೆಯಲ್ಲಿ ಹಂಚಿಕೊಂಡಿರಬಹುದು ಎಂಬುದರ ಅಳತೆ ಎಂಟ್ರೊಪಿ. ಹರಳಿನಲ್ಲಿ ಅಯಾನುಗಳಿಗೆ (ವಿದ್ಯುದಂಶವಿರುವ ಕಣಗಳಿಗೆ) ಗೊತ್ತಾದ ಜಾಗವಿದೆ, ದ್ರಾವಣದಲ್ಲಿ ಅವು ಎಲ್ಲೆಂದರಲ್ಲಿ ಇರಬಹುದು. ಲೆಕ್ಕ ಹಾಕಿ ನೋಡಿ. ಒಂದು ಮೋಲ್ (ಸುಮಾರು 53.5 ಗ್ರಾಂ) ಕರಗಲು 14.8 ಕಿಲೋಜೌಲ್ ಶಾಖ ಬೇಕು. ಎಂಟ್ರೊಪಿ ಕೆಲ್ವಿನ್‌ಗೆ ಸುಮಾರು 75 ಜೌಲ್ ಏರುತ್ತದೆ. 298 ಕೆಲ್ವಿನ್‌ನಿಂದ, ಅಂದರೆ 25 ಡಿಗ್ರಿ ಸೆಲ್ಸಿಯಸ್‌ನಿಂದ, ಗುಣಿಸಿದರೆ 22.4 ಕಿಲೋಜೌಲ್. 14.8ರಿಂದ ಅದನ್ನು ಕಳೆದರೆ ಸಿಗುವುದು ಗಿಬ್ಸ್ ಮುಕ್ತ ಶಕ್ತಿಯ ಬದಲಾವಣೆ, ಕ್ರಿಯೆ ತಾನಾಗಿ ಯಾವ ದಿಕ್ಕಿಗೆ ಸಾಗುತ್ತದೆಂದು ತಿಳಿಸುವ ಅಳತೆ: ಮೈನಸ್ 7.6 ಕಿಲೋಜೌಲ್. ಋಣ ಬಂತು, ಆದ್ದರಿಂದ ಕರಗುತ್ತದೆ. ಶಾಖ ಕೊಟ್ಟ ಸುತ್ತಲಿನ ವಸ್ತುಗಳ ಎಂಟ್ರೊಪಿ ಸುಮಾರು 50 ಜೌಲ್‌ನಷ್ಟು ಇಳಿದರೂ ಒಟ್ಟಿನಲ್ಲಿ 25 ಉಳಿಯಿತು. ತಾನಾಗಿ ನಡೆಯುವ ಕ್ರಿಯೆಯಲ್ಲಿ ಒಟ್ಟು ಎಂಟ್ರೊಪಿ ಏರಲೇಬೇಕು ಎನ್ನುವ ಉಷ್ಣಬಲವಿಜ್ಞಾನದ ಎರಡನೇ ನಿಯಮ ಕೇಳುವುದು ಆ ಒಟ್ಟು ಮೊತ್ತವನ್ನೇ. ಪರೀಕ್ಷೆಯಲ್ಲಿ ಬಹಳ ಮಂದಿ ಅಂಕ ಕಳೆದುಕೊಳ್ಳುವುದು ಜೌಲನ್ನು ಕಿಲೋಜೌಲ್ ಮಾಡದೆ, ಇಲ್ಲವೇ ತಾಪವನ್ನು ಸೆಲ್ಸಿಯಸ್‌ನಲ್ಲೇ ಬಿಟ್ಟು.

ಮನೆಯಲ್ಲೂ ಮಾಡಿ ನೋಡಬಹುದು. ಕಲಾಯಿ ಹಾಕುವವರು ಬಳಸುವ ನವಸಾಗರ ಇದೇ, ಗ್ರಂಥಿಗೆ ಅಂಗಡಿಯಲ್ಲಿ ಕೇಳಿ. 50 ಮಿಲಿ ನೀರಿಗೆ ಪುಡಿ ಮಾಡಿದ 10 ಗ್ರಾಂ ಹಾಕಿ, ಚಮಚದಿಂದ ಬೇಗ ಕಲಕಿ. ಲೆಕ್ಕದ ಪ್ರಕಾರ ತಾಪ 12-13 ಡಿಗ್ರಿ ಇಳಿಯಬೇಕು. ಸ್ಟೀಲ್ ಲೋಟವಾದರೆ ಲೋಟದ ಶಾಖವೂ ನೀರಿಗೆ ಸೇರಿ ಕಡಿಮೆ ಇಳಿಯುತ್ತದೆ, ಒಂದರೊಳಗೊಂದು ಇಟ್ಟ ಎರಡು ಪೇಪರ್ ಕಪ್ ವಾಸಿ. ಗಟ್ಟಿ ಉಂಡೆಗಳಿದ್ದರೆ ನಿಧಾನವಾಗಿ ಕರಗಿ, ಅಷ್ಟರಲ್ಲಿ ಹೊರಗಿನ ಶಾಖ ಒಳಬರುತ್ತದೆ. ಸುಣ್ಣ ತಾಗಿಸಬೇಡಿ, ಅಮೋನಿಯಾ ಏಳುತ್ತದೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ನೀರು. ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದೆ. ಬಿಸಿನೀರಿನಲ್ಲಿ ಉಪ್ಪು ಹೆಚ್ಚು ಕರಗಬೇಕಲ್ಲವೇ, ಇಲ್ಲಿ ಏಕೆ ಉಲ್ಟಾ? ತೆಗೆಯುವುದು ಹೇಗೆ?
- ಗೃಹಿಣಿ, ವೈಟ್‌ಫೀಲ್ಡ್

ಉತ್ತರ: ಬೆಂಗಳೂರಿನಡಿ ಇರುವುದು ಸುಣ್ಣಕಲ್ಲಲ್ಲ, ಲಾಲ್‌ಬಾಗ್ ಗುಡ್ಡದಲ್ಲಿ ಕಾಣುವಂಥ ನೈಸ್ ಬಂಡೆ. ಆದರೂ ಅದರ ಖನಿಜಗಳು ಸವೆದು ಕ್ಯಾಲ್ಸಿಯಂ, ಬೈಕಾರ್ಬೊನೇಟ್ ನೀರಿಗೆ ಸೇರುತ್ತವೆ. ಬಿಸಿಯಾದಾಗ ಇವೆರಡೂ ಕೂಡಿ ಕ್ಯಾಲ್ಸಿಯಂ ಕಾರ್ಬೊನೇಟ್, ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತವೆ. ಇದಕ್ಕೆ ಸುಮಾರು 41 ಕಿಲೋಜೌಲ್ ಶಾಖ ಬೇಕು. ಆದರೆ ಅನಿಲ ಬಿಡುಗಡೆಯಾಗುವುದರಿಂದ, ಅಯಾನುಗಳಿಗೆ ಅಂಟಿಕೊಂಡಿದ್ದ ನೀರೂ ಸಡಿಲವಾಗುವುದರಿಂದ, ಎಂಟ್ರೊಪಿ ಸುಮಾರು 247 ಜೌಲ್ ಏರುತ್ತದೆ. ಎಂಟ್ರೊಪಿಯನ್ನು ತಾಪದಿಂದ ಗುಣಿಸಿ ಕಳೆಯುವುದರಿಂದ, ತಾಪ ಏರಿದಷ್ಟೂ ಅದರ ತೂಕ ಹೆಚ್ಚು: 25 ಡಿಗ್ರಿಯಲ್ಲಿ ಮೈನಸ್ 33 ಕಿಲೋಜೌಲ್ ಇದ್ದ ಪ್ರಮಾಣಿತ ಮುಕ್ತ ಶಕ್ತಿಯ ಬದಲಾವಣೆ 65 ಡಿಗ್ರಿಯಲ್ಲಿ ಮೈನಸ್ 43.

ಹಾಗಾದರೆ ತಣ್ಣನೆ ನೀರಲ್ಲೇ ಏಕೆ ಪದರ ಕಟ್ಟದು? ಮೇಲಿನ ಪ್ರಮಾಣಿತ ಸಂಖ್ಯೆಗಳು ಅಯಾನುಗಳು ಲೀಟರಿಗೆ ಒಂದು ಮೋಲ್‌ನಷ್ಟಿರುವಾಗಿನವು. ನಿಮ್ಮ ನೀರಿನಲ್ಲಿರುವುದು ಕೆಲವೇ ಮಿಲಿಮೋಲ್, ಜೊತೆಗೆ ನೆಲದೊಳಗೆ ಕರಗಿದ ಕಾರ್ಬನ್ ಡೈಆಕ್ಸೈಡ್ ಕ್ರಿಯೆಯನ್ನು ಹಿಂದಕ್ಕೆ ತಳ್ಳುತ್ತದೆ. ಹೀಗಾಗಿ ಬಾವಿಯೊಳಗೆ ಅದು ಹೆಚ್ಚುಕಡಿಮೆ ಸಮತೋಲದಲ್ಲಿರುತ್ತದೆ. ಅಂಥ ಕಡೆ ಹತ್ತು ಕಿಲೋಜೌಲ್ ವಾಲಿದರೂ ಸಾಕು, ಪದರ ಕೂರುತ್ತದೆ. ಪಠ್ಯಪುಸ್ತಕದ ಪಟ್ಟಿಯ ಸಂಖ್ಯೆಯನ್ನೇ ನೇರವಾಗಿ ನಂಬಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಮಗೆ ಹೊಳೆಯುತ್ತಿಲ್ಲ.

ತೆಗೆಯಲು: ಗೀಸರಿನ ವಿದ್ಯುತ್ ಕಡಿಯುವ ಎಂಸಿಬಿ ಸ್ವಿಚ್ ಆಫ್ ಮಾಡಿ, ನೀರು ಖಾಲಿ ಮಾಡಿಸಿ, ಕಾಯಿಲ್ ಬಿಚ್ಚಿಸಿ. ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ ಹಾಕಿ ನೆನೆಸಿ, ವೈರ್ ಜೋಡಿಸುವ ತುದಿ ಮಾತ್ರ ಒದ್ದೆಯಾಗಬಾರದು. ನೀರು ತೀರಾ ಬಿಸಿ ಇದ್ದರೆ ಕ್ಯಾಲ್ಸಿಯಂ ಸಿಟ್ರೇಟ್ ಹೊಸ ಬಿಳಿ ಪದರವಾಗಿ ಕೂರುತ್ತದೆ. ಗುಳ್ಳೆ ನಿಂತಿತೆಂದು ಕೆಲಸ ಮುಗಿಯಿತು ಅಂದುಕೊಳ್ಳಬೇಡಿ: 50 ಗ್ರಾಂ ಆಮ್ಲ ಕರಗಿಸುವುದು ಹೆಚ್ಚೆಂದರೆ 35-40 ಗ್ರಾಂ ಪದರವನ್ನು. ಇನ್ನೂ ಉಳಿದಿದ್ದರೆ ಹೊಸ ದ್ರಾವಣ ಮಾಡಿ. ಟಾಯ್ಲೆಟ್ ತೊಳೆಯುವ ಹೈಡ್ರೊಕ್ಲೋರಿಕ್ ಆಮ್ಲ ಬೇಡವೇ ಬೇಡ, ಲೋಹವನ್ನೂ ತಿನ್ನುತ್ತದೆ. ಮತ್ತೆ ಜೋಡಿಸಿದ ಮೇಲೆ ಟ್ಯಾಂಕ್ ತುಂಬಿ ನಲ್ಲಿಯಲ್ಲಿ ನೀರು ಬಂದ ನಂತರವೇ ಸ್ವಿಚ್ ಹಾಕಿ, ಇಲ್ಲದಿದ್ದರೆ ಕಾಯಿಲ್ ಸುಡುತ್ತದೆ. ಥರ್ಮೋಸ್ಟಾಟ್ 50-55ಕ್ಕೆ ಇಳಿಸಿದರೆ ಪದರ ನಿಧಾನವಾಗಿ ಕಟ್ಟುತ್ತದೆ.

ಪ್ರಶ್ನೆ: ಮುಕ್ತ ಶಕ್ತಿ ಋಣವಾದರೆ ಕ್ರಿಯೆ ತಾನಾಗಿ ನಡೆಯುತ್ತದೆ ಎನ್ನುತ್ತೀರಿ. ಮತ್ತೆ ಅಡುಗೆ ಗ್ಯಾಸ್‌ಗೆ ಲೈಟರ್ ಏಕೆ?
- ಓದುಗರು, ಬಸವನಗುಡಿ

ಉತ್ತರ: ಚಿಹ್ನೆ ತಿಳಿಸುವುದು ದಿಕ್ಕನ್ನು, ವೇಗವನ್ನಲ್ಲ. ಪ್ರೊಪೇನ್ ಉರಿದರೆ ಮೋಲಿಗೆ ಎರಡು ಸಾವಿರ ಕಿಲೋಜೌಲ್‌ಗೂ ಹೆಚ್ಚು ಮುಕ್ತ ಶಕ್ತಿ ಇಳಿಯುತ್ತದೆ, ಆದರೂ ಹಳೆಯ ಬಂಧಗಳು ಮೊದಲು ಮುರಿಯಬೇಕು. ಆ ಆರಂಭದ ಸಕ್ರಿಯಣ ಶಕ್ತಿಯನ್ನು ಕಿಡಿ ಕೊಡುತ್ತದೆ. ಒಮ್ಮೆ ಹೊತ್ತಿದ ಮೇಲೆ ಜ್ವಾಲೆಯ ಶಾಖವೇ ಸಾಕು. ಗ್ಯಾಸ್ ಸೋರಿದ ವಾಸನೆ ಬಂದಾಗ ಸ್ವಿಚ್ ಮುಟ್ಟಬಾರದು ಎನ್ನುವುದೂ ಇದಕ್ಕೇ: ಸ್ವಿಚ್ಚಿನೊಳಗಿನ ಸಣ್ಣ ಕಿಡಿಯೂ ಅಷ್ಟು ಶಕ್ತಿ ಕೊಟ್ಟೀತು. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿ.