ರಿಮ್ಮು ದೊಡ್ಡದಾಗಬೇಕೆ, ರಬ್ಬರು ಒಳ್ಳೆಯದಾಗಬೇಕೆ?

ಓದುಗರ ಪ್ರಶ್ನೆ: ವಾಹನ ವಿಭಾಗ

ಪ್ರಶ್ನೆ: ನನ್ನ ಬಳಿ 2022ರಲ್ಲಿ ಕೊಂಡ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಕಾರಿದೆ. 1.5 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್. ಈಗ 43,000 ಕಿ.ಮೀ. ಓಡಿದ್ದು, ಕಂಪನಿಯಿಂದ ಬಂದ 205/55 ಆರ್16 ಟೈರುಗಳು ಸವೆದಿವೆ. ಕೆಲಸಕ್ಕಾಗಿ ವಾರದಲ್ಲಿ ನಾಲ್ಕು ದಿನ ತೋರಣಗಲ್ಲಿಗೆ ಹೋಗಿಬರುತ್ತೇನೆ, ತಿಂಗಳಿಗೊಮ್ಮೆ ಹಿರಿಯೂರು ಮಾರ್ಗವಾಗಿ ಬೆಂಗಳೂರಿಗೆ ಹೋಗುತ್ತೇನೆ. ರಜೆಯಲ್ಲಿ ಸಂಡೂರು ಗುಡ್ಡದ ತಿರುವುಗಳಲ್ಲಿ ಓಡಿಸುವ ಹುಚ್ಚೂ ಇದೆ. 17 ಇಂಚಿನ ಅಲಾಯ್ ಹಾಕಿಸಿ 225 ಅಗಲದ ಸ್ಪೋರ್ಟ್ ಟೈರು ತೊಡಿಸೆಂದು ಗೆಳೆಯರು ಒತ್ತಾಯಿಸುತ್ತಿದ್ದಾರೆ. ಹಾಗೆ ಮಾಡಬಹುದೇ? ಯಾವ ಟೈರು ಕೊಳ್ಳಲಿ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಈ ಒಂದು ವಿಷಯದಲ್ಲಿ ಗೆಳೆಯರ ಮಾತು ಕೇಳಬೇಡಿ. 16 ಇಂಚಿನ ರಿಮ್ಮುಗಳನ್ನೇ ಉಳಿಸಿಕೊಂಡು, ಅಲಾಯ್‌ಗೆಂದು ತೆಗೆದಿಟ್ಟ ಹಣವನ್ನು ಅದೇ ಅಳತೆಯ ಉತ್ತಮ ಟೈರಿಗೆ ಹಾಕಿ.

ಕಾರಣವನ್ನು ಲೆಕ್ಕದ ಮೂಲಕವೇ ಹೇಳುತ್ತೇನೆ. 205/55 ಎಂದರೆ ಟೈರಿನ ಅಗಲ 205 ಮಿ.ಮೀ., ಟೈರಿನ ಪಕ್ಕದ ಗೋಡೆಯಾದ ಸೈಡ್‌ವಾಲ್‌ನ ಎತ್ತರ ಆ ಅಗಲದ ಶೇ 55, ಅಂದರೆ ಸುಮಾರು 113 ಮಿ.ಮೀ. ಗೆಳೆಯರು ಹೇಳುತ್ತಿರುವುದು ಬಹುಶಃ 225/45 ಆರ್17. ಅದರಲ್ಲಿ ಸೈಡ್‌ವಾಲ್ 101 ಮಿ.ಮೀ.ಗೆ ಇಳಿಯುತ್ತದೆ. ಟೈರಿನ ಒಟ್ಟು ವ್ಯಾಸ 632ರಿಂದ 634 ಮಿ.ಮೀ.ಗೆ ಮಾತ್ರ ಏರುವುದರಿಂದ ಸ್ಪೀಡೋಮೀಟರ್ ಲೆಕ್ಕ ತಪ್ಪುವುದಿಲ್ಲ, ಅಷ್ಟರ ಮಟ್ಟಿಗೆ ಗೆಳೆಯರು ಹೇಳುವುದು ಸರಿ. ಆದರೆ ರಿಮ್ಮಿಗೂ ರಸ್ತೆಗೂ ನಡುವೆ ಇರುವ ಗಾಳಿಯ ಮೆತ್ತೆ ಒಂದು ಕಿರುಬೆರಳಿನಷ್ಟು ತೆಳುವಾಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಇದರಿಂದ ಲಾಭವೇ ಹೆಚ್ಚು: ಸ್ಟೀರಿಂಗ್ ತಿರುಗಿಸಿದ ಕೂಡಲೇ ಕಾರು ತಿರುಗುತ್ತದೆ, ತಿರುವಿನಲ್ಲಿ ಟೈರು ಬಳುಕುವುದು ಕಡಿಮೆಯಾಗುತ್ತದೆ. ನಿಮ್ಮ ದಿನನಿತ್ಯದ ರಸ್ತೆ ಮಾತ್ರ ಅಂಥದ್ದಲ್ಲ.

ಬಳ್ಳಾರಿಯಿಂದ ಕುಡತಿನಿ ದಾಟಿ ತೋರಣಗಲ್ಲಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 67ರ ಮೇಲೆ ಅದಿರು, ಕಲ್ಲಿದ್ದಲು ಮತ್ತು ಉಕ್ಕು ಹೊತ್ತ ಲಾರಿಗಳ ಸಾಲು ಹಗಲೂ ರಾತ್ರಿ ಹರಿಯುವುದನ್ನು ನೀವೇ ಕಾಣುತ್ತೀರಿ. ಅವುಗಳ ಭಾರಕ್ಕೆ ಡಾಂಬರು ಚಕ್ರದ ಜಾಡಿನಲ್ಲಿ ಕುಸಿಯುತ್ತದೆ, ಅಂಚುಗಳು ಒಡೆಯುತ್ತವೆ, ಲಾರಿಯಿಂದ ಉದುರಿದ ಅದಿರಿನ ಹೆಂಟೆ ಕೆಂಪು ದೂಳಿನ ನಡುವೆ ಕಣ್ಣಿಗೆ ಬೀಳುವುದೇ ಇಲ್ಲ. ಕೆಲವು ವರ್ಷಗಳ ಹಿಂದೆ ನಾನೂ ಚೆಂದಕ್ಕೆಂದು ಸೆಡಾನಿಗೆ 17 ಇಂಚಿನ ರಿಮ್ಮು ಹಾಕಿಸಿದ್ದೆ. ಒಂದು ರಾತ್ರಿ ಇದೇ ದಾರಿಯಲ್ಲಿ ಎದುರು ಲಾರಿಯ ಹೆಡ್‌ಲೈಟಿಗೆ ಕಣ್ಣು ಕೋರೈಸಿ, ಮುಷ್ಟಿಗಾತ್ರದ ಹೆಂಟೆಯೊಂದರ ಮೇಲೆ ಎಡ ಮುಂಗಾಲಿ ಹತ್ತಿಳಿಯಿತು. ಗಾಳಿ ಹೋಗಲಿಲ್ಲವಾದ್ದರಿಂದ ಮನೆ ಸೇರಿದೆ. ಬೆಳಿಗ್ಗೆ ಸೈಡ್‌ವಾಲ್ ಮೇಲೆ ಕೈಯಾಡಿಸಿದರೆ ಅರ್ಧ ನಿಂಬೆಹಣ್ಣಿನಷ್ಟು ಗುಳ್ಳೆ ಎದ್ದಿತ್ತು. ರಿಮ್ಮಿನ ಅಂಚಿಗೂ ಕಲ್ಲಿಗೂ ನಡುವೆ ಸೈಡ್‌ವಾಲ್ ಜಜ್ಜಿಹೋಗಿ ಒಳಗಿನ ನೂಲುಗಳು ತುಂಡಾದಾಗ ಗಾಳಿಯ ಒತ್ತಡಕ್ಕೆ ಹೊರಗಿನ ರಬ್ಬರು ಹೀಗೆ ಉಬ್ಬುತ್ತದೆ. ಅದಕ್ಕೆ ಪ್ಯಾಚ್ ಇಲ್ಲ, ರಿಪೇರಿ ಇಲ್ಲ, ಅದು ಯಾವ ಹೊತ್ತಿನಲ್ಲಾದರೂ ಸಿಡಿಯಬಹುದು. ಟೈರು ಎರಡು ತಿಂಗಳಷ್ಟೇ ಹಳೆಯದಾಗಿದ್ದರೂ, ಇದು ತಯಾರಿಕೆಯ ದೋಷವಲ್ಲ, ಪೆಟ್ಟು ಬಿದ್ದದ್ದು ಎಂದು ಅಂಗಡಿಯವರು ವಾರಂಟಿ ಕೊಡಲಿಲ್ಲ. ಹೊಟ್ಟೆ ಉರಿಯಿತಾದರೂ ಅವರು ಹೇಳಿದ್ದು ನ್ಯಾಯವೇ ಆಗಿತ್ತು.

ಸಿರುಗುಪ್ಪದ ಕಡೆಗೆ ಹೋದರೆ ತೊಂದರೆಯ ರೂಪ ಬೇರೆ. ಅಲ್ಲಿ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಅದರ ಮೇಲಿನ ರಸ್ತೆ ಹೊಸದಾಗಿದ್ದರೂ ಅಲೆಯಲೆಯಾಗುತ್ತದೆ. ಅಂಥ ಕಡೆ ತೆಳು ಟೈರಿನ ಕಾರು ಕುಣಿಯುತ್ತದೆ, ಕುಣಿಯುವಾಗ ಟೈರು ರಸ್ತೆಯನ್ನು ಬಿಡುತ್ತದೆ, ಬಿಟ್ಟ ಕ್ಷಣದಲ್ಲಿ ಎಷ್ಟು ಬೆಲೆಯ ರಬ್ಬರಾದರೂ ಹಿಡಿತ ಕೊಡಲಾರದು.

ಇನ್ನು ಆಯ್ಕೆ. ಟೈರಿನ ಅಳತೆಯ ಪಕ್ಕದಲ್ಲಿ 91ವಿ ಎಂಬಂಥ ಗುರುತಿರುತ್ತದೆ. 91 ಎಂದರೆ ಒಂದು ಟೈರು 615 ಕೆ.ಜಿ. ಭಾರ ಹೊರಬಲ್ಲದು. 94 ಇದ್ದರೆ 670 ಕೆ.ಜಿ., ಅದೂ ಆಗಬಹುದು. 91ಕ್ಕಿಂತ ಕಡಿಮೆ ಬೇಡ. ವಿ ಅಕ್ಷರ ಗಂಟೆಗೆ 240 ಕಿ.ಮೀ. ವೇಗದ ಮಿತಿಯನ್ನು, ಡಬ್ಲ್ಯು 270ನ್ನು, ಎಚ್ 210ನ್ನು ಸೂಚಿಸುತ್ತವೆ. ನಾಲ್ಕು ಪಥದ ಹೆದ್ದಾರಿಯಲ್ಲೇ ಕಾರಿಗೆ 100 ಕಿ.ಮೀ. ಮಿತಿಯಿರುವ ದೇಶದಲ್ಲಿ 240 ಯಾರಿಗೆ ಬೇಕು ಎಂದು ನೀವು ಕೇಳಬಹುದು. ಈ ಅಕ್ಷರವನ್ನು ವೇಗಕ್ಕಿಂತ ಹೆಚ್ಚಾಗಿ ಬಿಸಿ ತಾಳುವ ಶಕ್ತಿಯ ಗುರುತೆಂದು ಓದಿರಿ. ಟೈರು ಉರುಳುವಾಗ ಪ್ರತಿ ಸುತ್ತಿಗೂ ಬಾಗಿ ನೆಟ್ಟಗಾಗುತ್ತ ಒಳಗೇ ಶಾಖ ಹುಟ್ಟಿಸಿಕೊಳ್ಳುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ ಗಾಳಿಯೇ 40 ಡಿಗ್ರಿ ದಾಟುತ್ತದೆ, ಕಪ್ಪು ಡಾಂಬರು ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಆ ಶಾಖವೂ ಇದರೊಂದಿಗೆ ಸೇರುತ್ತದೆ. ಆದ್ದರಿಂದ ವಿ ಅಥವಾ ಡಬ್ಲ್ಯು ಇರುವುದನ್ನೇ ಕೇಳಿ, ಸೈಡ್‌ವಾಲ್ ಮೇಲೆ ಟೆಂಪರೇಚರ್ ಎಂದಿರುವಲ್ಲಿ ಎ, ಟ್ರಾಕ್ಷನ್ ಎಂದಿರುವಲ್ಲಿ ಎ ಅಥವಾ ಎಎ ಇದೆಯೇ ನೋಡಿ. ಅಲ್ಲಿಯೇ ಇರುವ ಟ್ರೆಡ್‌ವೇರ್ ಎಂಬ ಸವೆತದ ಅಂಕಿಯನ್ನು ಮಾತ್ರ ಬಹಳ ನಂಬಬೇಡಿ. 100 ಅಂಕಿಯ ಪರೀಕ್ಷಾ ಟೈರಿಗೆ ಹೋಲಿಸಿ ಕಂಪನಿಗಳು ತಾವೇ ಕೊಟ್ಟುಕೊಳ್ಳುವ ಅಂಕಿ ಅದು. ಒಂದೇ ಕಂಪನಿಯ ಎರಡು ಟೈರುಗಳನ್ನು ತೂಗಿ ನೋಡಲು ಉಪಯೋಗಕ್ಕೆ ಬರುತ್ತದೆ, ಬೇರೆ ಬೇರೆ ಕಂಪನಿಗಳ ನಡುವೆ ಅಷ್ಟಾಗಿ ಬರುವುದಿಲ್ಲ. ಸ್ಟಾರ್ ಲೇಬಲ್ ಕಂಡರೆ ಅದು ಇಂಧನ ಉಳಿತಾಯದ ಮಾತು, ಹಿಡಿತದ ಮಾತಲ್ಲ ಎಂಬುದು ನೆನಪಿರಲಿ.

ನಮ್ಮ ಕಡೆ ಮಳೆಯೇ ಅಪರೂಪ, ಒದ್ದೆ ರಸ್ತೆಯ ಹಿಡಿತ ಕಟ್ಟಿಕೊಂಡು ಏನು ಮಾಡುವುದು ಎಂದು ಹಲವರು ಹೇಳುವುದನ್ನು ಕೇಳಿದ್ದೇನೆ. ಮಳೆ ಅಪರೂಪವಾದ್ದರಿಂದಲೇ ಅದು ಮುಖ್ಯ ಎಂದು ನನ್ನ ಅಭಿಪ್ರಾಯ. ತಿಂಗಳುಗಟ್ಟಲೆ ಕೂತ ಅದಿರಿನ ದೂಳು, ಲಾರಿಗಳ ಎಣ್ಣೆ, ರಬ್ಬರಿನ ಪುಡಿ ಎಲ್ಲವೂ ಮೊದಲ ಮಳೆಗೆ ಕಲಸಿ ಕೆಂಪು ಲೋಳೆಯಾಗಿ ರಸ್ತೆಯ ಮೇಲೆ ಹರಡುತ್ತವೆ. ವರ್ಷವೆಲ್ಲ ಒಣ ರಸ್ತೆಗೆ ಒಗ್ಗಿದ ಕಾಲು ಆ ದಿನವೂ ಅದೇ ದೂರದಿಂದ ಬ್ರೇಕ್ ಒತ್ತುತ್ತದೆ. ಹೀಗಾಗಿ ಟೈರಿನ ವಿಮರ್ಶೆಗಳನ್ನು ಓದುವಾಗ ಒದ್ದೆ ರಸ್ತೆಯಲ್ಲಿ ಎಷ್ಟು ದೂರಕ್ಕೆ ಕಾರು ನಿಂತಿತು ಎಂಬ ಸಾಲನ್ನೇ ಮೊದಲು ಹುಡುಕಿ. ರೇಸ್ ಟ್ರ್ಯಾಕಿಗೆಂದೇ ಮಾಡಿದ, ಗೀರುಗಳು ಕಡಿಮೆ ಇರುವ ಮೆದು ಟೈರುಗಳ ಆಸೆಗೆ ಬೀಳಬೇಡಿ. ಅವು ಬೇಗ ಸವೆಯುತ್ತವೆ, ನಿಂತ ನೀರಿನಲ್ಲಿ ಜಾರುತ್ತವೆ.

ಹೆಸರು ಹಿಡಿದು ಹೇಳುವುದಾದರೆ, ಸಂಡೂರಿನ ತಿರುವುಗಳೇ ನಿಮಗೆ ಮುಖ್ಯವಾದರೆ ಮಿಷೆಲಿನ್ ಪೈಲಟ್ ಸ್ಪೋರ್ಟ್ ಸರಣಿ ನಿಮ್ಮ ಅಳತೆಯಲ್ಲಿ ಸಿಗುತ್ತದೆಯೇ ವಿಚಾರಿಸಿ. 2020ರ ಜೂನ್‌ನಿಂದ ಹೊಸ ಟೈರುಗಳ ಆಮದಿಗೆ ನಿರ್ಬಂಧವಿರುವುದರಿಂದ ಹೊರಗಿನಿಂದ ಬರುವ ಮಾದರಿಗಳಿಗೆ ಕಾಯಬೇಕಾಗಬಹುದು. ಕಾಯಲು ಮನಸ್ಸಿಲ್ಲದಿದ್ದರೆ ಡಚ್ ಮೂಲದ, 2009ರಲ್ಲಿ ಅಪೊಲೊ ಕಂಪನಿಯ ಕೈಸೇರಿದ ವ್ರೆಡೆಸ್ಟೈನ್ ಟೈರುಗಳನ್ನು ನೋಡಬಹುದು. ತೋರಣಗಲ್ಲು ಮತ್ತು ಬೆಂಗಳೂರಿನ ಓಡಾಟವನ್ನು ಲೆಕ್ಕಕ್ಕೆ ಹಿಡಿದು ನಾನು ನಿಮ್ಮ ಜಾಗದಲ್ಲಿದ್ದರೆ ಕಾಂಟಿನೆಂಟಲ್ ಅಲ್ಟ್ರಾಕಾಂಟ್ಯಾಕ್ಟ್ ಯುಸಿ6ನಂಥ ಮಧ್ಯಮ ದಾರಿಯ ಟೈರಿಗೆ ಹೋಗುತ್ತಿದ್ದೆ. ಯೊಕೊಹಾಮಾ ಅಡ್ವಾನ್ ಡಿಬಿ ಸದ್ದಿಲ್ಲದ ಓಟಕ್ಕೆಂದು ಮಾಡಿದ್ದು. ಸ್ಟೀರಿಂಗಿನ ಚುರುಕು ಬಯಸುವ ನಿಮಗೆ ಅದು ಸಪ್ಪೆಯೆನಿಸೀತು.

ಅಂಗಡಿಯಲ್ಲಿ ಮಾಡಬೇಕಾದ ಕೆಲಸವೊಂದಿದೆ. ಡಿಒಟಿ ಎಂದು ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನು ಟೈರು ರಿಮ್ಮಿಗೆ ಏರುವ ಮೊದಲೇ ಓದಿ; 1425 ಎಂದಿದ್ದರೆ 2025ರ 14ನೇ ವಾರದಲ್ಲಿ ತಯಾರಾದದ್ದು. ಪೂರ್ಣ ಸಾಲು ಟೈರಿನ ಒಂದೇ ಬದಿಗೆ ಇರುವುದೂ ಉಂಟು. ನನ್ನ ಒಂದು ಸೆಟ್ಟಿನಲ್ಲಿ ಆ ಬದಿ ಒಳಮುಖವಾಗಿತ್ತು. ಮನೆಗೆ ಬಂದ ಮೇಲೆ ಕಾರಿನ ಅಡಿ ಮಲಗಿ ಮೊಬೈಲ್ ಟಾರ್ಚು ಹಿಡಿದು ನೋಡಿದರೆ ನಾಲ್ಕರಲ್ಲಿ ಒಂದು ಟೈರು ಉಳಿದವಕ್ಕಿಂತ ಒಂದೂವರೆ ವರ್ಷ ಹಳೆಯದು. ಆರು ತಿಂಗಳೊಳಗಿನದನ್ನೇ ಕೇಳಿ ಪಡೆಯಿರಿ. ಔಟ್‌ಸೈಡ್ ಎಂದು ಬರೆದ ಮೈ ಹೊರಗಿದೆಯೇ, ಬಾಣದ ಗುರುತಿದ್ದರೆ ಅದು ಉರುಳುವ ದಿಕ್ಕಿಗೆ ಇದೆಯೇ ನೋಡಿ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಳೆಯ ದರಪಟ್ಟಿ ತೋರಿಸಿದರೆ ಒಪ್ಪಬೇಡಿ.

ಪ್ರಶ್ನೆ: ನನ್ನದೂ ಇಂಥದೇ ಸೆಡಾನ್. ಮುಂದಿನ ಎರಡು ಟೈರು ಪೂರ್ತಿ ಸವೆದಿವೆ, ಹಿಂದಿನವು ಅರ್ಧ ಉಳಿದಿವೆ. ಎರಡನ್ನೇ ಕೊಂಡು ಮುಂದೆ ಹಾಕಿಸಿದರೆ ಸಾಕಲ್ಲವೇ? ಎಂಜಿನ್ ಎಳೆಯುವುದು ಮುಂದಿನ ಗಾಲಿಗಳನ್ನೇ ತಾನೇ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಎರಡನ್ನೇ ಕೊಳ್ಳಬಹುದು, ಆದರೆ ಹೊಸವನ್ನು ಹಿಂದಕ್ಕೆ ಹಾಕಿಸಿ, ಅರ್ಧ ಸವೆದವನ್ನು ಮುಂದಕ್ಕೆ ತನ್ನಿ. ಮುಂಗಾಲಿ ಎಳೆಯುವ ಕಾರಿಗೂ ಇದೇ ನಿಯಮ. ಟೈರು ಕಂಪನಿಗಳೂ ಇದನ್ನೇ ಹೇಳುತ್ತವೆ. ಒದ್ದೆ ತಿರುವಿನಲ್ಲಿ ಮುಂಗಾಲಿ ಜಾರಿದರೆ ಕಾರು ನೇರಕ್ಕೆ ಹೋಗಲು ನೋಡುತ್ತದೆ, ಕಾಲು ಸಡಿಲಿಸಿದರೆ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ. ಹಿಂಗಾಲಿ ಜಾರಿದರೆ ಕಾರೇ ಸುತ್ತುತ್ತದೆ, ಆಗ ಪಳಗಿದ ಚಾಲಕನಿಗೂ ಸಮಯ ಸಿಗುವುದಿಲ್ಲ.

ನಿಮ್ಮ ಊರಿನ ಬಗ್ಗೆ ಒಂದು ಮಾತು ಸೇರಿಸಬೇಕು. ಭತ್ತದ ನಾಟಿಯ ಕಾಲದಲ್ಲಿ ಕಬ್ಬಿಣದ ಕೇಜ್ ವೀಲ್ ತೊಟ್ಟ ಟ್ರ್ಯಾಕ್ಟರುಗಳು ಡಾಂಬರಿನ ಮೇಲೇ ಸಾಗಿ ಅಡ್ಡಡ್ಡ ಗೀರು ಬಿಡುತ್ತವೆ, ಕೊಯ್ಲಿನಲ್ಲಿ ಯಂತ್ರಗಳ ಚಕ್ರಕ್ಕೆ ಮೆತ್ತಿದ ಕರಿಮಣ್ಣು ರಸ್ತೆಗೆ ಬಂದು ಬೀಳುತ್ತದೆ, ಒಂದು ಪಕ್ಕಕ್ಕೆ ಭತ್ತವನ್ನೇ ಒಣಹಾಕಿರುತ್ತಾರೆ. ಕಾಳಿನ ಮೇಲೆ ಬ್ರೇಕ್ ಒತ್ತಿದರೆ ಗಾಲಿ ಗೋಲಿಯ ಮೇಲೆ ಕಾಲಿಟ್ಟಂತೆ ಜಾರುತ್ತದೆ, ಸ್ಪೋರ್ಟ್ ಟೈರಿಗೂ ಅದರಿಂದ ವಿನಾಯಿತಿಯಿಲ್ಲ. ಟ್ರೆಡ್ಡಿನ, ಅಂದರೆ ರಸ್ತೆಗೆ ತಾಗುವ ರಬ್ಬರಿನ, ಗೀರುಗಳ ಆಳ 1.6 ಮಿ.ಮೀ.ಗೆ ಇಳಿಯುವವರೆಗೆ ಕಾನೂನು ಸುಮ್ಮನಿರುತ್ತದೆ, ಗೀರಿನ ತಳದ ಉಬ್ಬುಗಳು ಟ್ರೆಡ್ಡಿನ ಮಟ್ಟಕ್ಕೆ ಬಂದಾಗ ಅದು ತಿಳಿಯುತ್ತದೆ. ನಿಮ್ಮ ಕೆಸರಿನ ರಸ್ತೆಗೆ ಅಷ್ಟು ಕಾಯದೆ 3 ಮಿ.ಮೀ.ಗೇ ಬದಲಿಸುವುದು ಮೇಲು.

ಪ್ರಶ್ನೆ: ಜರ್ಮನ್ ಸೆಡಾನಿನ ರನ್‌ಫ್ಲಾಟ್ ಟೈರುಗಳು ಬಹಳ ಕುಕ್ಕುತ್ತವೆ. ಸಾಮಾನ್ಯ ಸ್ಪೋರ್ಟ್ ಟೈರಿಗೆ ಬದಲಾಯಿಸಬಹುದೇ?
– ಓದುಗರೊಬ್ಬರು, ರಾಯಚೂರು

ಉತ್ತರ: ಬದಲಾಯಿಸಬಹುದು, ಕಾರು ಮೆತ್ತಗಾಗುವುದೂ ನಿಜ. ಗಾಳಿ ಹೋದರೂ ಕಾರಿನ ಭಾರ ಹೊರಲೆಂದು ರನ್‌ಫ್ಲಾಟಿನ ಸೈಡ್‌ವಾಲನ್ನು ದಪ್ಪಗೆ ಮಾಡಿರುತ್ತಾರೆ; ಹಾಗೆ ಗಂಟೆಗೆ 80 ಕಿ.ಮೀ. ಮೀರದೆ ಸುಮಾರು 80 ಕಿ.ಮೀ. ಸಾಗಬಹುದು. ಆ ಬಿಗುವೇ ನಿಮ್ಮ ಬೆನ್ನಿಗೆ ತಾಗುತ್ತಿರುವುದು. ಆದರೆ ಇಂಥ ಹಲವು ಕಾರುಗಳ ಡಿಕ್ಕಿಯಲ್ಲಿ ಸ್ಟೆಪ್ನಿಯೇ ಇರುವುದಿಲ್ಲ. ಲಿಂಗಸುಗೂರು ದಾರಿಯಲ್ಲಿ ರಾತ್ರಿ ಹತ್ತರ ಮೇಲೆ ಸೈಡ್‌ವಾಲ್ ಸೀಳಿದರೆ ಪಂಕ್ಚರ್ ಕಿಟ್ಟಿನ ಅಂಟು ಏನೂ ಮಾಡಲಾರದು. ಆದ್ದರಿಂದ ಮೊದಲು ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಜಾಗವಿದೆಯೇ ಅಳೆದು ನೋಡಿ, ಇದ್ದರೆ ಬದಲಾಯಿಸಿ. ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿ. ಎರಡು ರನ್‌ಫ್ಲಾಟ್, ಎರಡು ಸಾಮಾನ್ಯ ಎಂದು ಬೆರೆಸುವುದು ಬೇಡವೇ ಬೇಡ.

ಪ್ರಶ್ನೆ: ಬೇಸಿಗೆಯಲ್ಲಿ ಟೈರು ಸಿಡಿಯದಂತೆ ಗಾಳಿಯನ್ನು ನಾಲ್ಕೈದು ಪಾಯಿಂಟ್ (ಪಿಎಸ್ಐ) ಕಡಿಮೆ ಇಡಬೇಕೆಂದು ಬಂಕಿನವರು ಹೇಳುತ್ತಾರೆ. ನೈಟ್ರೋಜನ್ ತುಂಬಿಸಿದರೆ ತೊಂದರೆಯಿಲ್ಲವೆಂದೂ ಹೇಳುತ್ತಾರೆ.
– ಓದುಗರೊಬ್ಬರು, ಸಿಂಧನೂರು

ಉತ್ತರ: ಕಡಿಮೆ ಇಡಬೇಡಿ. ಗಾಳಿ ಕಡಿಮೆಯಾದ ಟೈರು ಹೆಚ್ಚು ಬಾಗುತ್ತದೆ, ಹೆಚ್ಚು ಬಾಗಿದಷ್ಟೂ ಹೆಚ್ಚು ಕಾಯುತ್ತದೆ. ಬೇಸಿಗೆಯಲ್ಲಿ ಸಿಡಿಯುವ ಟೈರುಗಳಲ್ಲಿ ಗಾಳಿ ಕಡಿಮೆಯಿದ್ದವೇ ಬಹಳ. ತಾಪ ಐದೂವರೆ ಡಿಗ್ರಿ ಏರಿದಂತೆಲ್ಲ ಒತ್ತಡ ಸುಮಾರು ಒಂದು ಪಾಯಿಂಟ್ ಏರುವುದು ಸಹಜ, ಅದನ್ನು ಲೆಕ್ಕ ಹಾಕಿಯೇ ಕಂಪನಿ ಅಂಕಿ ಕೊಟ್ಟಿರುತ್ತದೆ. ನಾವು ತುಂಬುವ ಸಾಧಾರಣ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ, ಪುಕ್ಕಟೆ ಸಿಕ್ಕರೆ ತುಂಬಿಸಿಕೊಳ್ಳಿ. ಚಾಲಕನ ಬಾಗಿಲ ಬಳಿ ಅಥವಾ ಪೆಟ್ರೋಲ್ ಮುಚ್ಚಳದ ಒಳಗೆ ಅಂಟಿಸಿರುವ ಚೀಟಿಯ ಅಂಕಿಯನ್ನು ನೋಡಿಕೊಂಡು, ಬೆಳಿಗ್ಗೆ ಕಾರು ಹೊರಡುವ ಮೊದಲು, ಸ್ವಂತ ಗೇಜಿನಿಂದ ಹದಿನೈದು ದಿನಕ್ಕೊಮ್ಮೆ ಅಳೆಯಿರಿ. ಮಧ್ಯಾಹ್ನ ಓಡಿ ಬಂದ ಟೈರಿನಲ್ಲಿ ಹೆಚ್ಚು ತೋರಿಸಿತೆಂದು ಗಾಳಿ ಬಿಡಬೇಡಿ, ಮರುದಿನ ಬೆಳಿಗ್ಗೆ ಅದೇ ಟೈರು ಕಡಿಮೆ ಗಾಳಿಯಲ್ಲಿ ನಿಂತಿರುತ್ತದೆ.