ಜಿಫ್ ಕ್ಲಿಪ್ ಹಂಚ್ಕೊಳ್ಳೋ ಸೈಟು ಜಿಫಿಕ್ಯಾಟ್ ಯಾಕೆ ಮುಚ್ಚೋಯ್ತು? ಹಳೇ ಲಿಂಕ್‌ಗಳು ಮತ್ತೆ ಸಿಗಲ್ವಾ?

ಸಿಗಲ್ಲ. 2023ರ ಸೆಪ್ಟೆಂಬರ್ 1ಕ್ಕೇ ಬಂದ್ ಆಯ್ತು, ಅಷ್ಟರೊಳಗೆ ಇಳಿಸ್ಕೊಂಡಿದ್ರೆ ಸರಿ, ಇಲ್ಲಾಂದ್ರೆ ಹೋಯ್ತು ಅಷ್ಟೇ.

2013ರಲ್ಲಿ ಶುರುವಾದಾಗ ನಿಜಕ್ಕೂ ಕೆಲಸಕ್ಕೆ ಬರೋ ಐಡಿಯಾ ಅದು. ಜಿಫ್ ಅನ್ನೋದು ಸದ್ದಿಲ್ಲದ ಪುಟ್ಟ ಚಲಿಸೋ ಚಿತ್ರಗಳ 1987ರ ಫಾರ್ಮ್ಯಾಟು, ಫ್ರೇಮಿಗೆ 256 ಬಣ್ಣ ಮಾತ್ರ, ಆದ್ರೂ ಸಣ್ಣ ಕ್ಲಿಪ್ಪೇ ಎಂಬಿಗಟ್ಟಲೆ ತಿನ್ನುತ್ತೆ, ಯಾಕಂದ್ರೆ ಹಿಂದಿನ ಫ್ರೇಮಲ್ಲಿದ್ದ ಬಾಲು ಈಗ ಎಲ್ಲಿಗೆ ಸರೀತು ಅಂತ ವಿಡಿಯೋ ಫಾರ್ಮ್ಯಾಟ್‌ಗಳು ಲೆಕ್ಕ ಇಡೋ ಥರ ಇಡೋ ಬುದ್ಧಿ ಅದಕ್ಕಿಲ್ಲ. ಜಿಫಿಕ್ಯಾಟು ಅದನ್ನೇ ವೆಬ್‌ಎಂ, ಎಂಪಿ4 ಅನ್ನೋ ವಿಡಿಯೋ ಫೈಲ್ ಮಾಡಿ ಕೊಡ್ತಿತ್ತು, ಸೈಜು ಎಷ್ಟೋ ಪಟ್ಟು ಇಳಿದುಬಿಡ್ತಿತ್ತು. ಆಗ ಸಿಲ್ಕ್ ಬೋರ್ಡ್ ಜಾಮಲ್ಲಿ ಬಿಎಂಟಿಸಿ ಬಸ್ಸಲ್ಲಿ ಕೂತು ತ್ರೀಜಿ ಪ್ಯಾಕಲ್ಲಿ ಗೇಮ್ ಕ್ಲಿಪ್ ನೋಡ್ತಿದ್ದೋರಿಗೆ ಇದರ ಬೆಲೆ ಗೊತ್ತು. ಲಿಂಕೂ ಮಜವಾಗಿರ್ತಿತ್ತು, ಎರಡು ಗುಣವಾಚಕ ಒಂದು ಪ್ರಾಣಿ, 'ದೊಡ್ಡ ಸಿಟ್ಟಿನ ಮುಂಗುಸಿ' ಅನ್ನೋ ಥರ, ಇಂಗ್ಲಿಷಲ್ಲಿ.

ಆಮೇಲೆ ಫೋಟೋ ಹಂಚೋ ಸೈಟು ಇಮ್ಗುರ್ 2014ರಲ್ಲೇ ಇದೇ ಟ್ರಿಕ್ ಹಾಕ್ತು, ಚರ್ಚೆ ಸೈಟು ರೆಡಿಟ್ಟೂ 2017ರಲ್ಲಿ ತನ್ನದೇ ವಿಡಿಯೋ ಅಪ್‌ಲೋಡ್ ತಂತು, ಇನ್ನು ಮಧ್ಯದಲ್ಲಿ ಇವರ್ಯಾಕೆ ಬೇಕು ಹೇಳಿ. ಪುಕ್ಕಟೆ ವಿಡಿಯೋ ಹೋಸ್ಟಿಂಗ್ ಅಂದ್ರೆ ಬ್ಯಾಂಡ್‌ವಿಡ್ತ್ ಬಿಲ್ಲು ಬರ್ತಾನೇ ಇರುತ್ತೆ, ಕ್ಲಿಪ್ಪು ಬೇರೆ ಸೈಟಲ್ಲಿ ಓಡಿದ್ರೆ ಆ್ಯಡ್ ದುಡ್ಡು ಆ ಸೈಟಿಗೆ. 2020ರಲ್ಲಿ ಸ್ನ್ಯಾಪ್‌ಚಾಟ್ ನಡೆಸೋ ಸ್ನ್ಯಾಪ್ ಕಂಪನಿ ತಗೊಂಡು ಮೂಲೆಗೆ ಹಾಕ್ತು ಅಂತಾನೇ ನನ್ನ ಅಭಿಪ್ರಾಯ, 2023ರ ಮೇ ತಿಂಗಳಲ್ಲಿ ಸೈಟಿನ ಸೆಕ್ಯುರಿಟಿ ಸರ್ಟಿಫಿಕೇಟ್ ಎಕ್ಸ್‌ಪೈರ್ ಆಗಿ ದಿನಗಟ್ಟಲೆ ಹಾಗೇ ಬಿದ್ದಿತ್ತು, ಬ್ರೌಸರ್ ತುಂಬಾ ಬರೀ ವಾರ್ನಿಂಗು.

ಹೆಸರು ಹತ್ತಿರ ಇದ್ರೂ, ಜಿಫ್ ಹುಡುಕೋ ಸೈಟು ಜಿಫಿ ಬೇರೆ ಕಂಪನಿ ಕಣ್ರೀ, ಕನ್ಫ್ಯೂಸ್ ಮಾಡ್ಕೋಬೇಡಿ, ಅದನ್ನ ಫೇಸ್‌ಬುಕ್‌ನ ಮೆಟಾ 2023ರಲ್ಲಿ ಫೋಟೋ ಮಾರೋ ಕಂಪನಿ ಶಟರ್‌ಸ್ಟಾಕ್‌ಗೆ 5.3 ಕೋಟಿ ಡಾಲರ್‌ಗೆ ಮಾರ್ತು.